ರೋಬೋಟಿಗೆ ಕಂಬಳಿ ಕೊಪ್ಪೆ

ಸಂಧ್ಯಾ ಮೇಡಂ ಅವರ ಲ್ಯಾಬಿನ ಕಪಾಟಿನಲ್ಲಿ, ಮೋಟರು, ವೈರು, ಸುಟ್ಟ ಬೋರ್ಡುಗಳ ನಡುವೆ ಒಂದು ಕರಿ ಕಂಬಳಿಯ ತುಂಡಿದೆ. ಗೇಣಗಲ, ಒಂದೂವರೆ ಗೇಣುದ್ದ. ಜಮಖಂಡಿಯ ಆ ಪಾಲಿಟೆಕ್ನಿಕ್ಕಿಗೆ ಹೊಸದಾಗಿ ಸೇರಿದವರಲ್ಲಿ ವರ್ಷಕ್ಕೊಬ್ಬರಾದರೂ ಅದನ್ನು ಕೈ ಒರೆಸುವ ಚಿಂದಿ ಎಂದುಕೊಂಡು ಗ್ರೀಸು ಮೆತ್ತಿದ ಕೈ ಚಾಚುತ್ತಾರೆ, ಬೈಸಿಕೊಳ್ಳುತ್ತಾರೆ. ಮೇಡಂ ಬೇರೆ ಯಾವುದಕ್ಕೂ ಹಾಗೆ ಸಿಡುಕುವವರಲ್ಲ. ಹೊಸ ಕ್ಯಾಮೆರಾ ಕೈಜಾರಿ ಬಿದ್ದು ಚೂರಾದಾಗಲೂ ‘ಹೋಗ್ಲಿ ಬಿಡ’ ಎಂದವರು.

2018ರ ಒಂದು ಮಧ್ಯಾಹ್ನ ಬೈಸಿಕೊಳ್ಳುವ ಸರದಿ ಎರಡನೇ ವರ್ಷದ ರಂಜನಾಳದ್ದು. ಆದರೆ ಅವಳ ಕೈಯಲ್ಲಿ ಗ್ರೀಸು ಇರಲಿಲ್ಲ. ಅವಳ ರೋಬೋಟು ಕಿಟಕಿಯ ಬೆಳಕು ಬಿದ್ದಲ್ಲೆಲ್ಲ ಗೆರೆ ಬಿಟ್ಟು ಅಡ್ಡದಾರಿ ಹಿಡಿಯುತ್ತಿತ್ತು.

“ಮೇಡಂ, ಇದರ ಕಣ್ಣಿಗೆ ಬೆಳಕು ಹೊಡಿಯಾಕತ್ತೈತ್ರಿ. ಈ ಅರಬಿ ಮ್ಯಾಲ ಹಾಕಿ ನೋಡ್ಲೇನ್ರಿ?” ಎಂದಳು.

ಬೈಯಲು ಬಾಯಿ ತೆರೆದ ಸಂಧ್ಯಾ ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಐದು ವರ್ಷದ ಹಿಂದಿನ ಒಂದು ಶನಿವಾರ ಅವಳ ಕಣ್ಣ ಮುಂದೆ ಬಂದು ನಿಂತಿತ್ತು.

2013ರಲ್ಲಿ ಸಂಧ್ಯಾ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ಅವಳ ಜೊತೆಗಾತಿ ಬನಹಟ್ಟಿಯ ರೇಷ್ಮಾ. ಇಬ್ಬರೂ ಸೇರಿ ಒಂದು ರೋಬೋಟು ಕಟ್ಟಿದ್ದರು. ರೋಬೋಟು ಎಂದ ಕೂಡಲೇ ಕೈಕಾಲು ಆಡಿಸುತ್ತ ಮಾತಾಡುವ ಯಂತ್ರವನ್ನು ನೆನೆಯಬೇಡಿ. ಇದು ರೊಟ್ಟಿ ಬುಟ್ಟಿಯಷ್ಟು ಅಗಲದ, ನಾಲ್ಕು ಗಾಲಿಯ ಒಂದು ಗಾಡಿ. ಮುಂದೊಂದು ಕ್ಯಾಮೆರಾ. ಬನಹಟ್ಟಿಯಲ್ಲಿ ಬಾಗಿಲು ಹಾಕಿದ ಸೈಬರ್ ಕೆಫೆಯಿಂದ ರೇಷ್ಮಾ ಬೇಡಿ ತಂದದ್ದು. ಅದರ ಮುಂದೆ ಎಷ್ಟು ಜನ ಕ್ರಾಪು ತೀಡಿಕೊಂಡು ಕೂತಿದ್ದರೋ, ಆ ಪುಣ್ಯಾತ್ಮರಿಗೇ ಗೊತ್ತು. ಗಾಲಿ, ಮೋಟರು, ಬ್ಯಾಟರಿ ರೇಷ್ಮಾಳ ಪಾಲು. ಕ್ಯಾಮೆರಾಗೆ ಬುದ್ಧಿ ಹೇಳುವುದು ಸಂಧ್ಯಾಳ ಪಾಲು.

ಹೇಳಬೇಕಾದ ಬುದ್ಧಿ ದೊಡ್ಡದೇನಲ್ಲ. ಕ್ಯಾಮೆರಾ ಒಂದರ ಹಿಂದೊಂದು ಚಿತ್ರ ತೆಗೆಯುತ್ತದೆ. ಚಿತ್ರವೆಂದರೆ ಬರೀ ಚುಕ್ಕಿಗಳು, ಚುಕ್ಕಿಗೊಂದು ಸಂಖ್ಯೆ. ಕಡುಗಪ್ಪಿಗೆ ಸೊನ್ನೆ, ಅಚ್ಚಬಿಳಿಗೆ ಇನ್ನೂರ ಐವತ್ತೈದು. ಇನ್ನೂರು ದಾಟಿದ್ದೆಲ್ಲ ಬಿಳಿ ಗೆರೆ ಎಂದು ತಿಳಿ. ಗೆರೆ ಎಡಕ್ಕಿದ್ದರೆ ಎಡಕ್ಕೆ ತಿರುಗು, ಬಲಕ್ಕಿದ್ದರೆ ಬಲಕ್ಕೆ. ಕೆಂಪು ಚೌಕ ಕಂಡಲ್ಲಿ ನಿಲ್ಲು. ಮೂರು ವರ್ಷದ ಮಗುವಿಗೆ ಒಂದೇ ಉಸಿರಿನಲ್ಲಿ ಹೇಳಬಹುದಾದ ಇಷ್ಟನ್ನು ಈ ಗಾಡಿಗೆ ಹೇಳಲು ಸಂಧ್ಯಾಳಿಗೆ ನಾನೂರು ಸಾಲು ಬೇಕಾದವು, ಎರಡು ತಿಂಗಳು ಹಿಡಿಯಿತು.

ಸ್ಪರ್ಧೆ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ. ಕರಿ ನೆಲದ ಮೇಲೆ ಬಿಳಿ ಗೆರೆ, ಕೊನೆಗೆ ಕೆಂಪು ಚೌಕ. ಒಮ್ಮೆ ಗುಂಡಿ ಒತ್ತಿ ಬಿಟ್ಟ ಮೇಲೆ ಕೈ ಹಚ್ಚುವಂತಿಲ್ಲ. ಗಾಡಿ ತಾನೇ ನೋಡಿಕೊಂಡು, ತಾನೇ ಹೋಗಿ ಮುಟ್ಟಬೇಕು. ಅಭ್ಯಾಸಕ್ಕೆ ಅಂಥದ್ದೇ ಒಂದು ಕರಿ ಫ್ಲೆಕ್ಸ್ ಬೇಕೆಂದು ಹುಡುಗಿಯರು ಜಮಖಂಡಿಯ ಅಂಗಡಿಗೆ ಹೋದರೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಚುನಾವಣೆ ಹತ್ತಿರ ಬಂದಿತ್ತು. ಜಿಲ್ಲೆಯ ನಾಯಕರೆಲ್ಲ ಒಟ್ಟಾಗಿ ಮಾತಾಡಿಕೊಂಡು ಒಂದೇ ತಿಂಗಳಲ್ಲಿ ಹುಟ್ಟಿದ್ದರೋ ಏನೋ, ಬರೀ ಹುಟ್ಟುಹಬ್ಬದ ಫ್ಲೆಕ್ಸುಗಳು.

“ನಿಮ್ಮದು ಬರೇ ಕರೇದೈತಿ, ಒಂದು ಮಾರಿ ಸುದ್ದಾ ಇಲ್ಲ. ಹದಿನೈದು ದಿನಾ ಬಿಟ್ಟು ಬರ್ರಿ,” ಎಂದ ಅಂಗಡಿಯವ.

ಹದಿನೈದು ದಿನಕ್ಕೆ ಸ್ಪರ್ಧೆಯೇ ಮುಗಿದು ಹೋಗುತ್ತಿತ್ತು. ಬಸ್ಸಿನಲ್ಲಿ ಊರಿಗೆ ಬರುವಾಗ ಸಂಧ್ಯಾಳಿಗೆ, ತಾನು ಕಂಡ ವಸ್ತುಗಳಲ್ಲಿ ಎಲ್ಲಕ್ಕಿಂತ ಕರಿಯದು ಯಾವುದೆಂದು ಹೊಳೆಯಿತು. ಅದು ಅವರ ಮನೆಯ ಗೂಟದ ಮೇಲೇ ಇತ್ತು.

ಮನೆ ಇದ್ದದ್ದು ಗಲಗಲಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ. ಹಳೆ ಊರು ಅಣೆಕಟ್ಟಿನ ಹಿನ್ನೀರಿನಡಿ ಹೋಗಿ ಆಗ ಹನ್ನೆರಡು ವರ್ಷ. ಸಂಧ್ಯಾಳ ಅಜ್ಜ ಅಮಸಿದ್ದಪ್ಪ ಅಲ್ಲಿಯೂ ಇಲ್ಲಿಯೂ ಬೀರೇಶ್ವರನ ಪೂಜಾರಿ. ಗೂಟದ ಮೇಲಿನ ಕಂಬಳಿಗೆ ಅಜ್ಜಿ ಮಾಯವ್ವ ತಮ್ಮ ಕುರಿಗಳ ಉಣ್ಣೆ ನೂತಿದ್ದಳು, ಅಜ್ಜ ತಾನೇ ಮಗ್ಗಕ್ಕೆ ಕೂತು ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ್ದ. ಅಮಾವಾಸ್ಯೆಗೊಮ್ಮೆ ಅದನ್ನು ಗುಡಿಯಲ್ಲಿ ದೇವರ ಗದ್ದುಗೆಗೆ ಹಾಸಿ, ಮೇಲೆ ಭಂಡಾರದ ಅರಿಶಿನ ಹಾರಿಸುತ್ತಿದ್ದರು. ಉಳಿದ ದಿನ ಅದನ್ನು ಯಾರೂ ಹೊದೆಯುವಂತಿಲ್ಲ, ತುಳಿಯುವಂತಿಲ್ಲ. ಮನುಷ್ಯರು ಕೊಯ್ದ ಕಂಬಳಿ ಗದ್ದುಗೆಗೆ ಬರುವುದಿಲ್ಲವೆಂಬುದು ಅವರ ಊರಿನ ಕಟ್ಟಳೆ.

ಅಂಥ ಕಂಬಳಿಗೂ ಒಂದು ಊನ ಇತ್ತು. ಅದರ ಒಂದು ಮೂಲೆ ಇರಲಿಲ್ಲ. ಊರು ಬಿಡುವ ವರ್ಷ ಮನೆಯಲ್ಲಿ ಚಿಗರಿ ಎಂಬ ಮುಧೋಳ ತಳಿಯ ನಾಯಿಮರಿ ಇತ್ತು. ಗಂಟುಮೂಟೆಯ ಗದ್ದಲದಲ್ಲಿ ಅದೇ ಕಡಿದು ಹಾಕಿತೆಂದು ಅಜ್ಜ ದೈವದವರ ಮುಂದೆ, ಎಂದರೆ ಊರ ಹಿರಿಯರ ಮುಂದೆ, ಹೇಳಿದ್ದ. ಮೂಕಪ್ರಾಣಿಗೆ ಏನು ತಿಳಿಯುತ್ತದೆಂದು ಅವರೂ ಒಪ್ಪಿದರು. ಅಜ್ಜಿ ಆ ಅಂಚಿಗೆ ಒತ್ತೊತ್ತಾಗಿ ಹೊಲಿಗೆ ಹಾಕಿದಳು. ಕಂಬಳಿ ಗದ್ದುಗೆಯಲ್ಲಿ ಉಳಿಯಿತು, ಚಿಗರಿಗೆ ಮಾತ್ರ ಸಾಯುವವರೆಗೂ ‘ಕಂಬಳಿಕಳ್ಳಿ’ ಎಂಬ ಹೆಸರು ಉಳಿಯಿತು. ಓಣಿಯ ಮಕ್ಕಳು ಹಾಗೆ ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತಿತ್ತು, ಪಾಪ.

ಸಂಧ್ಯಾ ಕಂಬಳಿ ಕೇಳಿದಾಗ ತಾಯಿ ಮಾದೇವಿ ಹೌಹಾರಿದಳು. “ಹುಡುಗಿ ಕೇಳಿದ್ಲು ಅಂತ ದೇವರ ಕಂಬಳಿ ಕೊಡ್ತೀರೇನ್ರಿ ಮಾಂವಾರ?”

ಅಜ್ಜ ಗಾಡಿಯನ್ನು ಮಗುಚಿ, ಕ್ಯಾಮೆರಾ ಮುಟ್ಟಿ ನೋಡಿದ. “ಇದಕ್ಕ ಕಣ್ಣು ಐತಿ ಅಂತೀ?”

“ಐತಿ ಅಜ್ಜಾ.”

“ಕಂಡು ನಡಿಯೂದಾದ್ರ ತುಳದಂಗ ಆಗೂದಿಲ್ಲ. ಆದ್ರ ಕಾಲ ತೊಳಕೊಂಡು ಏರಬೇಕು ನೋಡು.”

ಹಾಗೆಂದವನು ತಂಬಿಗೆ ತಂದು ಗಾಲಿಯ ಮೇಲೆ ನೀರು ಸುರಿಯಲು ಬಗ್ಗಿಯೂಬಿಟ್ಟ. ರೇಷ್ಮಾ ಚಿಟ್ಟನೆ ಚೀರಿ ಗಾಡಿಯನ್ನು ಎದೆಗವಚಿಕೊಂಡಳು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಗಾಲಿ ಒರೆಸಿದರೆ ಸಾಕೆಂದು ತೀರ್ಮಾನವಾಯಿತು. ಒರೆಸುವ ಕೆಲಸ ಅಜ್ಜ ತಾನೇ ವಹಿಸಿಕೊಂಡ, ಒಂದು ಸಲವೂ ತಪ್ಪಿಸಲಿಲ್ಲ.

ರೇಷ್ಮಾ ಬನಹಟ್ಟಿಯಿಂದ ತಂದ ಬಿಳಿ ಲಾಡಿಯನ್ನು ಕಂಬಳಿಯ ಮೇಲೆ ಅಂಕುಡೊಂಕಾಗಿ, ಕೊನೆಗೊಂದು ಕೆಂಪು ಬಟ್ಟೆಯ ಚೌಕವನ್ನು ಇಟ್ಟು, ಮಾದೇವಿ ಗೊಣಗುತ್ತಲೇ ಸಡಿಲ ಹೊಲಿಗೆ ಹಾಕಿಕೊಟ್ಟಳು. ಗಾಡಿ ಹೊರಟಿತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕೆಂಪು ಚೌಕದ ಮೇಲೆ ನಿಂತಿತು. ಹತ್ತು ಸಲ ಬಿಟ್ಟರೆ ಹತ್ತು ಸಲವೂ ನಿಂತಿತು. ಅಜ್ಜ ಪಡಸಾಲೆಯ ಕಂಬಕ್ಕೊರಗಿ, ದಾರಿ ತಪ್ಪಿದ ಮರಿಯನ್ನು ಕರೆಯುವಂತೆ ನಾಲಿಗೆಯಲ್ಲಿ ಟ್ರೂ ಟ್ರೂ ಎಂದು ಸದ್ದು ಮಾಡುತ್ತಿದ್ದ. ಅದು ತನ್ನ ಮಾತು ಕೇಳಿಯೇ ತಿರುಗುತ್ತದೆಂದು ಅವನ ನಂಬಿಕೆ, ಅಥವಾ ಹಾಗೆ ನಂಬಿದಂತೆ ನಟನೆ. ಹೀಗೆ ನಾಲ್ಕು ದಿನ ನಡೆಯಿತು. ಅಷ್ಟು ಸುಖವಾಗಿ ಸಂಧ್ಯಾ ಮತ್ತೆಂದೂ ಪ್ರೋಗ್ರಾಂ ಬರೆದಿಲ್ಲ.

ಹೊರಡುವ ದಿನ ಕಂಬಳಿಯನ್ನೂ ಬಾಗಲಕೋಟೆಗೆ ಒಯ್ಯುತ್ತೇವೆಂದರು. ಗಾಡಿಗೆ ಬಸ್ಸಿನಲ್ಲಿ ಪೆಟ್ಟಾಗಬಾರದು, ಮತ್ತೆ ಸ್ಪರ್ಧೆಯ ಮುಂಚೆ ಒಮ್ಮೆ ಓಡಿಸಿ ನೋಡಬೇಕು. ಅಜ್ಜ ಬೆರಳು ಮಡಿಸಿ ಸೋಮವಾರದ ಅಮಾವಾಸ್ಯೆಗೆ ಎಷ್ಟು ದಿನವೆಂದು ಎಣಿಸಿದ.

“ಸ್ವಾಮಾರ ಅಮಾಸಿ. ಐತಾರ ಕಂಬಳಿ ಮನ್ಯಾಗಿರಬೇಕು. ಹೋದಂಗ ಬರಬೇಕು, ಸಂಧ್ಯಾ. ಇನ್ನೊಂದು ಮೂಲಿಗೆ ಏನರ ಆತಂದ್ರ ಗದ್ದಿಗಿಗೆ ಹಾಸಾಕ ದೈವದವರು ಒಪ್ಪೂದಿಲ್ಲ. ನಿಮ್ಮಜ್ಜಿ ಕೈಯಾಗಿನ ನೂಲು ಅದು. ಆಕಿನೂ ಇಲ್ಲ, ಆ ಮಗ್ಗನೂ ಇಲ್ಲ.”

“ಹೋದಂಗ ತರ್ತೇನಿ ಅಜ್ಜಾ,” ಎಂದಳು ಸಂಧ್ಯಾ.

ಶನಿವಾರ. ಎತ್ತರದ ಕಿಟಕಿಗಳ ದೊಡ್ಡ ಸಭಾಂಗಣ, ನಡುವೆ ಹಾಸಿದ ಕರಿ ಫ್ಲೆಕ್ಸು. ಇಪ್ಪತ್ತು ತಂಡ, ತಂಡಕ್ಕೆ ಮೂರು ಸರದಿ. ಮೊದಲ ಸರದಿಯಲ್ಲಿ ಸಂಧ್ಯಾ ಗುಂಡಿ ಒತ್ತಿದಳು. ಗಾಡಿ ಎರಡು ಮೊಳ ನೆಟ್ಟಗೆ ಹೋಯಿತು. ಆಮೇಲೆ ಗೆರೆ ಬಿಟ್ಟು, ಯಾರೋ ಕರೆದಂತೆ ಸರ್ರನೆ ಕಿಟಕಿಯ ಕಡೆಗೆ ಓಡಿ, ಫ್ಲೆಕ್ಸು ದಾಟಿ, ತೀರ್ಪುಗಾರರ ಬೂಟಿಗೆ ಡಿಕ್ಕಿ ಹೊಡೆಯಿತು. ಜನ ಹೋ ಎಂದು ನಕ್ಕರು.

ಏನಾಯಿತೆಂದು ಸಂಧ್ಯಾಳಿಗೆ ಲ್ಯಾಪ್‌ಟಾಪು ತೋರಿಸಿತು. ಕಂಬಳಿ ಮಿಂಚುವುದಿಲ್ಲ, ಫ್ಲೆಕ್ಸು ಮಿಂಚುತ್ತದೆ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಲ್ಲೆಲ್ಲ ಕಪ್ಪು ನೆಲವೇ ಇನ್ನೂರ ನಲವತ್ತು ಎನ್ನುತ್ತಿತ್ತು. ಗಾಡಿ ಹೇಳಿದ ಮಾತು ಮೀರಿರಲಿಲ್ಲ. ಇನ್ನೂರು ದಾಟಿದ್ದೆಲ್ಲ ಗೆರೆಯೆಂದು ಸಂಧ್ಯಾಳೇ ಹೇಳಿಕೊಟ್ಟಿದ್ದಳು. ಬೇರೆ ತಂಡದವರು ಫ್ಲೆಕ್ಸಿನ ಮೇಲೇ ಕಲಿತು ಬಂದಿದ್ದರು. ಇಡೀ ಜಿಲ್ಲೆಯಲ್ಲಿ ದೇವರ ಗದ್ದುಗೆಯ ಮೇಲೆ ಕಲಿತು ಬಂದ ರೋಬೋಟು ಇದೊಂದೇ.

ಎರಡನೇ ಸರದಿಗೆ ಇನ್ನೂರನ್ನು ಇನ್ನೂರ ಐವತ್ತಕ್ಕೆ ಏರಿಸಿದಳು. ಆಗ ಗಾಡಿಗೆ ಹೊಳಪೂ ಕಾಣಲಿಲ್ಲ, ಗೆರೆಯೂ ಕಾಣಲಿಲ್ಲ. ಇದ್ದಲ್ಲೇ ನಿಂತು ಗುರ್ ಎಂದಿತು. ಉಳಿದದ್ದು ಒಂದೇ ಸರದಿ, ನಡುವೆ ಅರ್ಧ ತಾಸು.

ಸಂಧ್ಯಾ ಫ್ಲೆಕ್ಸನ್ನೇ ನೋಡುತ್ತ ಕೂತಳು. ಊರಲ್ಲಿ ಮಧ್ಯಾಹ್ನದ ಹಿನ್ನೀರೂ ಹಾಗೇ ಮಿಂಚುತ್ತಿತ್ತು. ದಂಡೆಯಲ್ಲಿ ಕುರಿ ಬಿಟ್ಟುಕೊಂಡು ಅಜ್ಜ ನಿಂತಿರುತ್ತಿದ್ದ. ನೀರಿನ ಹೊಳಪಿಗೆ ಆಚೆ ಬದಿಯ ಕುರಿ ಕಾಣದಾದಾಗ ಮೈಮೇಲಿನ ನಿತ್ಯದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಎಳೆದು, ಹುಬ್ಬಿನಿಂದ ಗೇಣು ಮುಂದಕ್ಕೆ ಚಾಚಿಕೊಳ್ಳುತ್ತಿದ್ದ. ಆ ನೆರಳಿನೊಳಗಿಂದ ನೋಡಿ, “ಬಂದ್ವು, ಎಲ್ಲಾ ಅದಾವು,” ಎನ್ನುತ್ತಿದ್ದ.

“ರೇಷ್ಮಾ, ಇದಕ್ಕ ಕೊಪ್ಪಿ ಬೇಕು.”

ಮೊದಲು ದುಪಟ್ಟಾ ಕಟ್ಟಿದರು. ಅದು ಜೋತುಬಿದ್ದು ಕಣ್ಣನ್ನೇ ಮುಚ್ಚಿತು. ಕರಿ ಡ್ರಾಯಿಂಗ್ ಹಾಳೆ ಅಂಟಿಸಿದರು. ಮೋಟರಿನ ನಡುಕಕ್ಕೆ ಅದು ಪಟಪಟ ಬಡಿದುಕೊಂಡು ಕಿತ್ತುಬಂತು. ಕಂಬಳಿಯನ್ನೇ ಮಡಿಸಿ ಮೇಲೆ ಹೊದಿಸಿದರೆ ಗಾಡಿ ಅದರಡಿ ಹೂತುಹೋಗಿ ಮುಲುಗಿತು. ಆದರೆ ಕಂಬಳಿಯ ಮೂಲೆ ಹಿಡಿದು ಕ್ಯಾಮೆರಾದ ಮುಂದೆ ಚಾಚಿದಾಗ ಲ್ಯಾಪ್‌ಟಾಪಿನ ಪರದೆಯಲ್ಲಿ ನೆಲ ಕಪ್ಪಾಯಿತು, ಗೆರೆ ಬೆಳ್ಳಗಾಯಿತು. ಹುಣಸೆ ಬೀಜದ ಗಂಜಿಗೆ ಬಿಗಿಯಾದ ಉಣ್ಣೆ ಬಾಗಲಿಲ್ಲ, ನಡುಗಲಿಲ್ಲ.

ಆ ಮೂಲೆ ಬೇಕೆಂದರೆ ಕೊಯ್ಯಲೇಬೇಕಿತ್ತು.

“ನನ್ನ ಕೈಲೆ ಆಗೂದಿಲ್ಲ ಲೇ. ಅದು ದೇವರದು,” ಎಂದು ರೇಷ್ಮಾ ವೈರು ಕತ್ತರಿಸುವ ಕತ್ತರಿಯನ್ನು ನೆಲದ ಮೇಲಿಟ್ಟು ಮುಖ ತಿರುಗಿಸಿದಳು.

ಬೇಡವೆಂದರೆ ಬೇಡ ಎಂದು ಗಂಟು ಕಟ್ಟಿ ಮನೆಗೆ ಹೋಗಬಹುದಿತ್ತು. ಸಂಧ್ಯಾ ಕತ್ತರಿ ಎತ್ತಿಕೊಂಡಾಗ ಗೆಲುವಿನ ವಿಚಾರ ಮಾಡಲಿಲ್ಲ. ಎರಡು ತಿಂಗಳು ಕಣ್ಣು ಕೊಟ್ಟು ಸಾಕಿದ್ದು, ಎಲ್ಲರೆದುರು ಕುರುಡಾಗಿ ನಿಂತದ್ದನ್ನು ನೋಡುವುದು ಅವಳಿಂದ ಆಗಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದು, ಕೊಯ್ದಳು. ಹಳೇ ಉಣ್ಣೆ ಕರಕರ ಎಂದಿತು.

ತುಂಡನ್ನು ಕ್ಯಾಮೆರಾದ ಮೇಲೆ ತಂತಿಯಿಂದ ಬಿಗಿದು, ನೆರಳಿನೊಳಗೆ ಬಿಳಿ ಗೆರೆ ಎಷ್ಟು ಮಂಕಾಗಿದೆಯೆಂದು ಅಳೆದಳು. ಇನ್ನೂರು ಎಂದಿದ್ದಲ್ಲಿ ತೊಂಬತ್ತು ಎಂದು ಬರೆದಳು. ಮೂರನೇ ಸರದಿ. ಕೊಪ್ಪೆ ಹಾಕಿಕೊಂಡ ಗಾಡಿ ಮುದುಕನಂತೆ ನಿಧಾನಕ್ಕೆ ಹೊರಟಿತು. ಮತ್ತೆ ನಗೆ ಎದ್ದಿತು. ಕಿಟಕಿಯ ಕೆಳಗೆ ಹೊಳಪಿನ ಮಡುವೇ ಇತ್ತು. ಅಲ್ಲಿಗೆ ಬಂದಾಗ ಗಾಡಿ ಅರೆಕ್ಷಣ ತಡೆಯಿತು. ಸಂಧ್ಯಾಳ ಬಾಯಿಂದ ಅವಳಿಗೇ ತಿಳಿಯದೆ ಟ್ರೂ ಟ್ರೂ ಎಂಬ ಸದ್ದು ಬಂತು. ಗಾಡಿ ಗೆರೆಯ ಜೊತೆ ತಿರುಗಿ, ಮಡು ದಾಟಿ, ಕೊನೆಯ ಡೊಂಕು ಮುಗಿಸಿ, ಕೆಂಪು ಚೌಕದ ಮೇಲೆ ಹೋಗಿ ನಿಂತಿತು. ಈ ಸಲ ಯಾರೂ ನಗಲಿಲ್ಲ.

ಎರಡನೇ ಸ್ಥಾನ ಬಂತು. ತೀರ್ಪುಗಾರರಲ್ಲಿ ಒಬ್ಬರು ಕೊಪ್ಪೆ ಮುಟ್ಟಿ, ಇದು ಯಾವ ಮಟೀರಿಯಲ್ ಎಂದು ಕೇಳಿದರು. ಸಂಧ್ಯಾಳಿಗೆ ಅಳು ಬಂತು. ಗೆದ್ದ ಸಂತೋಷಕ್ಕೆಂದು ಅವರು ತಿಳಿದುಕೊಂಡರು.

ಭಾನುವಾರ ಗಲಗಲಿಯ ಬಸ್ಸಿನಲ್ಲಿ ಅವಳು ಒಂದು ಸುಳ್ಳನ್ನು ಬಾಯಿಪಾಠ ಮಾಡಿದಳು. ರಾತ್ರಿ ತಂಗಿದ್ದ ಹಾಸ್ಟೆಲಿನಲ್ಲಿ ಇಲಿ ಬಹಳ. ಸಂಜೆ ಇಟ್ಟದ್ದು, ಬೆಳಿಗ್ಗೆ ನೋಡಿದರೆ ಮೂಲೆ ಇಲ್ಲ. ಮೂಕಪ್ರಾಣಿಯಾದರೆ ದೈವದವರು ಒಪ್ಪುತ್ತಾರೆ. ಸುಳ್ಳು ಚೆನ್ನಾಗಿಯೇ ಇತ್ತು. ಆದರೆ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಕಂಬಳಿ ಬಿಚ್ಚುವ ಮೊದಲೇ, “ನಮ್ಮ ಮರಿ ಹೆಂಗ ನಡೀತು?” ಎಂದು ಕೇಳಿದ್ದೇ ತಪ್ಪಾಯಿತು. ಅವಳು ಕಂಬಳಿಯನ್ನೂ ತುಂಡನ್ನೂ ಅವನ ತೊಡೆಯ ಮೇಲಿಟ್ಟು, “ನಾನ ಕೊಯ್ದ್ನಿ ಅಜ್ಜಾ,” ಎಂದುಬಿಟ್ಟಳು.

ಅಜ್ಜನ ಬೆರಳು ಕೊಯ್ದ ಅಂಚಿನ ಮೇಲೆ ನಿಧಾನಕ್ಕೆ ಸರಿಯಿತು. “ಯಾಕ?”

ಹೇಳಿದಳು. ಹೊಳಪು, ಕಿಟಕಿ, ಹಿನ್ನೀರು, ಕೊಪ್ಪೆ, ಎಲ್ಲ.

“ಕೊಪ್ಪಿ ಹಾಕಿದ ಮ್ಯಾಲ ದಾರಿ ಕಂಡಿತೇನು ಅದಕ್ಕ?”

“ಕಂಡಿತಜ್ಜಾ.”

ಅಜ್ಜ ಕಂಬಳಿಯನ್ನು ತಿರುಗಿಸಿ, ಇನ್ನೊಂದು ಮೂಲೆಯನ್ನು, ಚಿಗರಿ ಕಡಿದ ಮೂಲೆಯನ್ನು, ಹುಡುಕಿ ಹಿಡಿದ. ಅಜ್ಜಿಯ ಹೊಲಿಗೆಯ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿದ. ಅಡಿಯ ಅಂಚು ನೆಟ್ಟಗೆ, ಗೆರೆ ಎಳೆದಂತೆ ಇತ್ತು.

“ನಾಯಿ ಹಲ್ಲು ಇಷ್ಟು ನೆಟ್ಟಗ ಕೊಯ್ತಾವೇನು?” ಎಂದ.

ಸಂಧ್ಯಾ ಬಗ್ಗಿ ಆ ಅಂಚನ್ನು ನೋಡಿದಳು.

“ಊರು ಬಿಡುವಾಗ ಮೂರ್ತಿ ಹೊತ್ಕೊಂಡು ಬಂದ್ವಿ. ಗದ್ದಿಗಿ ಕಲ್ಲು ಬರಲಿಲ್ಲ, ನೆಲದಾಗ ಬೇರೂರಿತ್ತು ಅದು. ದೇವರು ಮೂರ್ತಿ ಕೂಡ ಬಂದಾನ, ಕಲ್ಲಿನ್ಯಾಗ ಏನೂ ಉಳದಿಲ್ಲ ಅಂತ ದೈವದವರು ಅಂದ್ರು. ಪೂಜಾರಿ ನಾನು, ನಾನೂ ಹೂಂ ಅಂದೆ. ಎಲ್ಲಾರೂ ಗಾಡಿ ಹತ್ತಿದ್ರು. ನನಗ ಮನಸ್ಸು ತಡೀಲಿಲ್ಲ ನೋಡು. ದೇವರು ಬರಲಿಲ್ಲಂದ್ರ? ನೀರಾಗ ಥಂಡಿ ಹತ್ತೂದಿಲ್ಲೇನು? ತಿರುಗಿ ಹೋಗಿ, ಒಂದು ಮೂಲಿ ಕೊಯ್ದು ಕಲ್ಲಿಗೆ ಹೊಚ್ಚಿ ಬಂದೆ. ದೇವರು ಬಂದಾನೋ ಇಲ್ಲೋ ಅಂತ ಪೂಜಾರೀನ ಸಂಶಯ ಪಟ್ರ ಹೊಸಾ ಊರಾಗ ಯಾರು ದೀಪಾ ಹಚ್ಚತಾರು? ಅದಕ್ಕ ನಾಯಿ ಮ್ಯಾಲ ಹಾಕಿದೆ. ನಿಮ್ಮಜ್ಜಿಗಷ್ಟ ಗೊತ್ತಿತ್ತು.”

“ಮತ್ತ ಚಿಗರಿ?” ಎಂದಳು ಸಂಧ್ಯಾ.

“ಪಾಪ ಅದು,” ಎಂದು ಅಜ್ಜ ನಗಲು ಹೋದ. ನಗೆ ಅರ್ಧಕ್ಕೇ ನಿಂತು ಕಣ್ಣಲ್ಲಿ ನೀರು ಬಂತು. “ಹತ್ತು ವರ್ಷ ನನ್ನ ಕಳುವು ಹೊತ್ತು ತಿರುಗ್ಯಾಡಿತು. ಈಗ ಅದೂ ಇಲ್ಲ, ನಿಂದೂ ಅದರ ಮ್ಯಾಲ ಹಾಕೂಣು ಅಂದ್ರ.”

ಸಂಧ್ಯಾ ಸೂಜಿದಾರ ತಂದು ತುಂಡನ್ನು ಹೊಲಿಯಲು ಕೂತಾಗ ಅವನು ತಡೆದ. “ಬ್ಯಾಡ. ಅದು ಎಲ್ಲಿ ಕೆಲಸಕ್ಕ ಬಂತೋ ಅಲ್ಲೇ ಇರ್ಲಿ. ನಾಳೆ ದೈವದಾಗ ನಾನ ಹೇಳ್ತೇನಿ. ಮದಲ ನಂದು, ಆಮ್ಯಾಲ ನಿಂದು. ಒಪ್ಪಿದ್ರ ಹಾಸೂಣು, ಇಲ್ಲಂದ್ರ ಗೂಟಕ್ಕ ಹಾಕೂಣು.”

ಸೋಮವಾರ ಗುಡಿಯ ಮುಂದೆ ಊರು ಸೇರಿತ್ತು. ಬಹುಪಾಲು ಹಳೆ ಊರಿನವರೇ. ಅಮಸಿದ್ದಪ್ಪ ಎರಡು ಮೂಲೆ ಇಲ್ಲದ ಕಂಬಳಿಯನ್ನು ತೋಳ ಮೇಲೆ ಹಾಕಿಕೊಂಡು ನಿಂತು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಮೊದಲು ತನ್ನದು, ಆಮೇಲೆ ಮೊಮ್ಮಗಳದು. ಸಂಧ್ಯಾ ಅವನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ದೈವದವರಲ್ಲಿ ಹಿರಿಯನಾದ ಶಿದ್ರಾಮಪ್ಪ ಕೊಯ್ದ ಎರಡೂ ಅಂಚುಗಳನ್ನು ನೋಡಿದ.  ಅಷ್ಟು ಜನ ಇದ್ದೂ ಭಂಡಾರದ ತಟ್ಟೆ ಹಿಡಿದವನ ಕಡಗದ ಸದ್ದು ಕೇಳುತ್ತಿತ್ತು.

ಆಗ ಹೆಂಗಸರ ಸಾಲಿನಿಂದ ಸತ್ಯವ್ವ ಎದ್ದಳು. ಎಂಬತ್ತು ದಾಟಿದ ಮುದುಕಿ; ಹಳೆ ಊರಲ್ಲಿ ಗುಡಿಗೆ ಅಂಟಿಕೊಂಡೇ ಅವಳ ಮನೆ ಇತ್ತು. ಕೋಲೂರಿಕೊಂಡು ಮುಂದೆ ಬಂದು, ಅಮಸಿದ್ದಪ್ಪನ ತೋಳಿನ ಮೇಲಿನ ಕಂಬಳಿಯ ಹಳೇ ಗಾಯವನ್ನು ಅಂಗೈಯಿಂದ ಅಳೆದು ನೋಡಿದಳು.

“ಎಷ್ಟು ದೊಡ್ಡದು ಹೊಚ್ಚಿದ್ದ್ಯೋ ಯಪ್ಪಾ?” ಎಂದಳು. “ಕಲ್ಲು ತುಂಬ ಮುಚ್ಚಿತೇನು?”

“ತುಂಬ ಮುಚ್ಚಿತು ಯವ್ವಾ.”

“ಹಾರಿ ಹೋಗದಂಗ ಮ್ಯಾಲ ಏನರ ಇಟ್ಟಿದ್ದೇನು?”

“ನಾಕ ಮೂಲಿಗೆ ನಾಕ ಕಲ್ಲು ಇಟ್ಟಿದ್ದೆ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಹಿಂದೆ, ಹೆಂಗಸರ ಸಾಲಿನಲ್ಲಿ, ಗಂಡಸರ ಸಾಲಿನಲ್ಲಿ, ದೇವರು ಆ ಕಲ್ಲಿನಲ್ಲೇ ಉಳಿದನೇನೋ ಎಂಬ ಸಂಶಯವನ್ನು ಹನ್ನೆರಡು ವರ್ಷ ಬಾಯಿ ಬಿಟ್ಟು ಹೇಳದವರೆಲ್ಲ ಉಸಿರು ಬಿಟ್ಟರು. ಶಿದ್ರಾಮಪ್ಪ ತಾನೇ ಬಂದು ಕಂಬಳಿಯ ಇನ್ನೊಂದು ಬದಿ ಹಿಡಿದ, ಇಬ್ಬರೂ ಸೇರಿ ಅದನ್ನು ಗದ್ದುಗೆಗೆ ಹಾಸಿದರು.

ಲ್ಯಾಬಿನಲ್ಲಿ ಸಂಧ್ಯಾ ಸ್ಟೂಲಿನಿಂದೆದ್ದು, ಆ ತುಂಡನ್ನು ತಾನೇ ರಂಜನಾಳ ಕೈಗಿಟ್ಟಳು.